ಒಂದೇ ಬಿಯರಿಗೆ ಬೆಂಗಳೂರಿನಲ್ಲಿ ಒಂಬತ್ತು, ಕಲಬುರಗಿಯಲ್ಲಿ ಐದು ಅಂಕ ಏಕೆ?

ಪ್ರಶ್ನೆ: ನಾವು ಕಲಬುರಗಿಯ ನಾಲ್ವರು ಗೆಳೆಯರು. ತಿಂಗಳಿಗೊಮ್ಮೆ ಒಬ್ಬರ ಮನೆಯಲ್ಲಿ ಸೇರಿ ಬಗೆಬಗೆಯ ಕ್ರಾಫ್ಟ್ ಬಿಯರ್ (ಸಣ್ಣ ತಯಾರಕರ ಬಿಯರ್) ಕುಡಿದು ಹತ್ತಕ್ಕೆ ಇಷ್ಟು ಎಂದು ಅಂಕ ಕೊಡುತ್ತೇವೆ. ಗೋದಿ ಬಿಯರಿಗೆ ಯಾವಾಗಲೂ ಎಂಟು, ಒಂಬತ್ತು. ಕಹಿ ಹೆಚ್ಚಿರುವ ಐಪಿಎಗೆ (ಇಂಡಿಯಾ ಪೇಲ್ ಏಲ್) ನಾಲ್ಕು, ಕಪ್ಪು ಬಣ್ಣದ ಸ್ಟೌಟಿಗೆ ಮೂರು. ಕಹಿ ಇರುವುದೇ ಒಳ್ಳೆಯ ಬಿಯರ್ ಎಂದು ಒಬ್ಬ ಗೆಳೆಯ ಪ್ರತಿ ಸಲವೂ ವಾದಕ್ಕಿಳಿಯುತ್ತಾನೆ. ಈ ಏಪ್ರಿಲ್‌ನಲ್ಲಿ ಇನ್ನೊಂದು ಗೊಂದಲವಾಯಿತು. ಬೆಂಗಳೂರಿನಲ್ಲಿ ನಾವೇ ಒಂಬತ್ತು ಕೊಟ್ಟಿದ್ದ ಕಂಪನಿಯ ಗೋದಿ ಬಿಯರನ್ನು ಇಲ್ಲಿ ಬಾಟಲಿಯಲ್ಲಿ ಕೊಂಡು ಕುಡಿದರೆ ಐದಕ್ಕಿಂತ ಹೆಚ್ಚು ಕೊಡಲು ಮನಸ್ಸಾಗಲಿಲ್ಲ. ಕೆಟ್ಟಿರುವುದು ನಮ್ಮ ನಾಲಿಗೆಯೋ, ಬಿಯರೋ? ಅಂಕ ಕೊಡುವ ಸರಿಯಾದ ಕ್ರಮ ಯಾವುದು? ಹೈದರಾಬಾದಿನಿಂದ ಬಾಟಲಿ ತಂದುಕೊಂಡರೆ ಹೇಗೆ?

ಉತ್ತರ: ನಿಮ್ಮ ನಾಲಿಗೆ ಕೆಟ್ಟಿಲ್ಲ. ಕೆಟ್ಟಿದ್ದರೆ ಒಂಬತ್ತಕ್ಕೂ ಐದಕ್ಕೂ ಇರುವ ಅಂತರ ನಿಮಗೆ ಗೊತ್ತೇ ಆಗುತ್ತಿರಲಿಲ್ಲ. ನೀವು ಎಡವುತ್ತಿರುವುದು ಅಂಕ ಹಾಕುವ ಮುನ್ನ ಕೇಳಿಕೊಳ್ಳುವ ಪ್ರಶ್ನೆಯಲ್ಲಿ. ‘ಇದು ನನಗೆ ಹಿಡಿಸಿತೇ?’ ಎಂದು ಕೇಳಿಕೊಳ್ಳುತ್ತಿದ್ದೀರಿ. ಮೊದಲು ಕೇಳಬೇಕಾದದ್ದು ಬೇರೆ: ತಯಾರಿಸಿದವರು ಏನು ಮಾಡಲು ಹೊರಟಿದ್ದರು, ಅದರಲ್ಲಿ ಎಷ್ಟು ಗೆದ್ದರು, ಅವರ ಕೈ ದಾಟಿದ ಮೇಲೆ ಈ ಬಾಟಲಿಯ ಮೇಲೆ ಏನೇನು ನಡೆಯಿತು? ಇಷ್ಟಾನಿಷ್ಟಕ್ಕೂ ಜಾಗವಿದೆ, ಆದರೆ ಅದನ್ನು ಬೇರೆ ಕಾಲಂನಲ್ಲಿ ಬರೆಯಬೇಕು.

ಪುಂಡಿ ಪಲ್ಯ ಹುಳಿಯಾಗಿದೆ ಎಂದು ನಮ್ಮ ಭಾಗದಲ್ಲಿ ಯಾರೂ ದೂರುವುದಿಲ್ಲ. ಹುಳಿಯಿಲ್ಲದಿದ್ದರೆ ದೂರುತ್ತಾರೆ. ಐಪಿಎಯ ಕಹಿಯನ್ನೂ ಹಾಗೆಯೇ ನೋಡಬೇಕು. ಬ್ರಿಟನ್ನಿನಿಂದ ಹಡಗಿನಲ್ಲಿ ಭಾರತಕ್ಕೆ ಬರುತ್ತಿದ್ದ ಪೇಲ್ ಏಲ್ ಎಂಬ ತಿಳಿ ಬಣ್ಣದ ಬಿಯರುಗಳಿಗೆ ಕಹಿ, ಪರಿಮಳ ಕೊಡುವ ಹಾಪ್ಸ್ ಹೂವನ್ನು ಧಾರಾಳವಾಗಿ ಹಾಕುತ್ತಿದ್ದರು. ಹಾಪ್ಸ್‌ನಲ್ಲಿರುವ ಆಮ್ಲಗಳು ಬಿಯರನ್ನು ಹುಳಿಯಾಗಿಸುವ ಹಲವು ಬ್ಯಾಕ್ಟೀರಿಯಾಗಳನ್ನು ತಡೆಯುತ್ತವೆ. ಇಂದಿನ ಅಮೆರಿಕನ್ ಶೈಲಿಯ ಐಪಿಎಯಲ್ಲಿ ಕಹಿಯ ಅಳತೆಯಾದ ಐಬಿಯು 40ರಿಂದ 70ರವರೆಗೆ ಇರುತ್ತದೆ. ನಿಮಗೆ ಪ್ರಿಯವಾದ ಜರ್ಮನ್ ಗೋದಿ ಬಿಯರಿನಲ್ಲಿ ಅದು 8ರಿಂದ 15. ಎರಡನ್ನೂ ಒಂದೇ ಮಾನದಂಡದಲ್ಲಿ ಅಳೆದರೆ ಪ್ರತಿ ಸಲವೂ ಗೋದಿಯೇ ಗೆಲ್ಲುತ್ತದೆ, ಆ ಗೆಲುವಿನಿಂದ ನಿಮಗೆ ತಿಳಿಯುವುದು ಏನೂ ಇಲ್ಲ.

ಒಂದು ಬಿಯರಿನಲ್ಲಿ ಗುಣವಾದದ್ದು ಮತ್ತೊಂದರಲ್ಲಿ ದೋಷವಾಗುತ್ತದೆ. ಇದನ್ನು ಮನಸ್ಸಿಗೆ ತಂದುಕೊಂಡರೆ ಅರ್ಧ ಕೆಲಸ ಮುಗಿದಂತೆ. ಜರ್ಮನಿಯ ಹೆಫೆವೈಜನ್ ಮಸುಕಾಗಿರಬೇಕು, ಅದರಲ್ಲಿ ಬಾಳೆಹಣ್ಣಿನ ಮತ್ತು ಲವಂಗದ ಪರಿಮಳ ಬರಬೇಕು. ಎರಡೂ ಯೀಸ್ಟಿನ ಕೊಡುಗೆ, ಬಾಳೆಹಣ್ಣನ್ನಾಗಲೀ ಲವಂಗವನ್ನಾಗಲೀ ಯಾರೂ ಹಾಕಿರುವುದಿಲ್ಲ. ಅದೇ ಲವಂಗ ಪಿಲ್ಸ್‌ನರ್‌ನಲ್ಲಿ ಬಂದರೆ ಬೇರೆ ಯೀಸ್ಟ್ ನುಸುಳಿದೆ ಎಂದರ್ಥ. ಪಿಲ್ಸ್‌ನರ್ ಕನ್ನಡಿಯಂತೆ ತಿಳಿಯಾಗಿರಬೇಕು. 1842ರಲ್ಲಿ ಬೊಹೆಮಿಯಾದ (ಇಂದಿನ ಚೆಕ್ ದೇಶ) ಪಿಲ್ಸೆನ್ ಪಟ್ಟಣದಲ್ಲಿ ಜೋಸೆಫ್ ಗ್ರೋಲ್ ಎಂಬ ಬಿಯರ್ ತಯಾರಕ ಆ ಬಂಗಾರದ ಬಣ್ಣದ ಲಾಗರ್ (ತಂಪಿನಲ್ಲಿ ನಿಧಾನವಾಗಿ ಹುದುಗಿಸಿದ ಬಿಯರ್) ತಯಾರಿಸಿದ್ದು ಅಲ್ಲಿನ ಅತಿ ಮೃದುವಾದ ನೀರು, ತಿಳಿ ಬಣ್ಣದ ಮಾಲ್ಟ್ (ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ) ಮತ್ತು ನವಿರಾದ ಹಾಪ್ಸ್‌ನಿಂದ. ಗೋಸೆ, ಬರ್ಲಿನರ್ ವೈಸೆ ಎಂಬ ಬಗೆಗಳಲ್ಲಿ ಮಜ್ಜಿಗೆಯ ಹುಳಿಗೆ ಕಾರಣವಾದ ಲ್ಯಾಕ್ಟಿಕ್ ಆಮ್ಲವೇ ಜೀವಾಳ. ಸ್ಟೌಟಿನಲ್ಲಿ ಅಂಥ ಹುಳಿ ಎದ್ದು ಬಂದರೆ ಸೋಂಕು ತಗಲಿದೆ ಎಂದು ಗುಮಾನಿ ಪಡಬೇಕು. ಬೆಣ್ಣೆಯ ವಾಸನೆ ಕೊಡುವ ಡಯಾಸಿಟೈಲ್ ಚೆಕ್ ಲಾಗರ್‌ನಲ್ಲಿ ತುಸು ಇದ್ದರೆ ನಡೆಯುತ್ತದೆ. ಜರ್ಮನ್ ಪಿಲ್ಸ್‌ನರ್‌ನಲ್ಲಿ ನಡೆಯುವುದಿಲ್ಲ. ಹುದುಗು ಬರುವಾಗ ಆ ಪದಾರ್ಥ ಹುಟ್ಟುತ್ತದೆ, ಸಮಯ ಕೊಟ್ಟರೆ ಯೀಸ್ಟೇ ಅದನ್ನು ಮರಳಿ ಹೀರಿಕೊಳ್ಳುತ್ತದೆ. ಅದು ಉಳಿದಿದೆ ಎಂದರೆ ಅವಸರ ನಡೆದಿದೆ ಅಥವಾ ಪಬ್ಬಿನಲ್ಲಿ ಬಿಯರ್ ಸುರಿಯುವ ನಲ್ಲಿಯ ಕೊಳವೆ ಸ್ವಚ್ಛವಾಗಿಲ್ಲ.

ಸ್ಟೌಟಿಗೆ ನೀವು ಮೂರು ಕೊಡುತ್ತಿರುವುದು ನನಗೆ ನಿಜವಾಗಿಯೂ ನೋವಿನ ಸಂಗತಿ, ಏಕೆಂದರೆ ಇಷ್ಟು ಅಪಾರ್ಥಕ್ಕೊಳಗಾದ ಬಿಯರ್ ಇನ್ನೊಂದಿಲ್ಲ. ಬಣ್ಣ ಕಪ್ಪಾದ್ದರಿಂದ ಅಮಲು ಹೆಚ್ಚಿರಬೇಕು ಎಂದು ಜನ ಭಾವಿಸುತ್ತಾರೆ. ಐರಿಷ್ ಸ್ಟೌಟಿನಲ್ಲಿ ಆಲ್ಕೊಹಾಲ್ ಸಾಮಾನ್ಯವಾಗಿ ಶೇ 4ರಿಂದ 5. ನಮ್ಮ ಅಂಗಡಿಗಳಲ್ಲಿ ಎಲ್ಲೆಲ್ಲೂ ಸಿಗುವ ಸ್ಟ್ರಾಂಗ್ ಬಿಯರಿಗಿಂತ ಕಡಿಮೆ. ಆ ಕಪ್ಪು ಬಣ್ಣ ಬರುವುದು ಚೆನ್ನಾಗಿ ಹುರಿದ ಬಾರ್ಲಿಯಿಂದ, ಅದರ ಕಹಿಯಲ್ಲಿ ಹಾಪ್ಸ್‌ಗಿಂತ ಕಾಫಿ ಬೀಜದ ಗುಣವೇ ಮುಂದಿರುತ್ತದೆ. ಫ್ರಿಜ್ಜಿನಿಂದ ತೆಗೆದ ಕೂಡಲೇ ಕುಡಿದರೆ ಆ ಪರಿಮಳ ಮುದುಡಿಕೊಂಡಿರುತ್ತದೆ, ಬರೀ ಕಹಿ ಮತ್ತು ಒಗರು ಉಳಿಯುತ್ತದೆ. ಹೊರಗಿಟ್ಟು 10–12 ಡಿಗ್ರಿ ಸೆಲ್ಸಿಯಸ್‌ಗೆ ಬಂದ ಮೇಲೆ ಕುಡಿದು ನೋಡಿ, ಕಾಫಿ, ಕೋಕೋ, ಸುಟ್ಟ ಬೆಲ್ಲದ ವಾಸನೆಗಳು ಒಂದೊಂದಾಗಿ ಹೊರಬರುತ್ತವೆ. ಏಪ್ರಿಲ್ ತಿಂಗಳ ಕಲಬುರಗಿಯಲ್ಲಿ ಇದಕ್ಕೆ ಹೆಚ್ಚು ಹೊತ್ತು ಕಾಯಬೇಕಾಗಿಲ್ಲ.

ಸ್ಟ್ರಾಂಗ್ ಬಿಯರಿನ ಮಾತು ಬಂದದ್ದರಿಂದ ಇದನ್ನೂ ಹೇಳಬೇಕು. ನಮ್ಮ ದೇಶದ ಮಾರುಕಟ್ಟೆಯನ್ನು ಆಳುತ್ತಿರುವುದು ಶೇ 5ಕ್ಕಿಂತ ಹೆಚ್ಚು ಆಲ್ಕೊಹಾಲ್ ಇರುವ, ತುಸು ಸಿಹಿಯಾದ, ಮಂಜಿನಂತೆ ತಣ್ಣಗೆ ಕುಡಿಯುವ ಬಿಯರ್. ನಾಲಿಗೆ ಅದಕ್ಕೆ ಒಗ್ಗಿ ಹೋದರೆ ಕಡಿಮೆ ಅಮಲಿನ ಒಳ್ಳೆಯ ಪಿಲ್ಸ್‌ನರ್ ನೀರು ನೀರಾಗಿ ಕಾಣುತ್ತದೆ. ಅಂಕದ ಹಾಳೆಯಲ್ಲಿ ‘ಏರಲಿಲ್ಲ’ ಎಂಬ ಕಾರಣಕ್ಕೆ ಒಂದು ಅಂಕವನ್ನೂ ಕಳೆಯಬೇಡಿ.

ಈಗ ಒಂಬತ್ತು ಐದಾದ ಕಥೆಗೆ ಬರೋಣ. ಮೊದಲು ಎರಡೂ ಒಂದೇ ಬಿಯರೇ ಎಂದು ಖಾತ್ರಿ ಮಾಡಿಕೊಳ್ಳಿ. ಗೋದಿ ಬಿಯರ್ ಎಂದು ನಮ್ಮಲ್ಲಿ ಕರೆಯುವುದರಲ್ಲಿ ಎರಡು ಮುಖ್ಯ ಬಗೆಗಳಿವೆ. ಒಂದು, ಮೇಲೆ ಹೇಳಿದ ಹೆಫೆವೈಜನ್. ಇನ್ನೊಂದು ಬೆಲ್ಜಿಯಂನ ವಿಟ್‌ಬಿಯರ್. ಇದರಲ್ಲಿ ಹಸಿ ಗೋದಿಯ ಜೊತೆಗೆ ಕೊತ್ತಂಬರಿ ಬೀಜ ಮತ್ತು ಒಣ ಕಿತ್ತಳೆ ಸಿಪ್ಪೆ ಹಾಕುತ್ತಾರೆ. ಈ ಬಗೆ ಹೂಗಾರ್ಡನ್ ಊರಿನಲ್ಲಿ ನಿಂತೇ ಹೋಗಿತ್ತು. 1960ರ ದಶಕದಲ್ಲಿ ಪಿಯರ್ ಸೆಲಿಸ್ ಎಂಬ ಹಾಲು ಮಾರುವವರು ಅದನ್ನು ಮತ್ತೆ ಕುದಿಸಿ ಬದುಕಿಸಿದರು. ಭಾರತದಲ್ಲಿ ಬಾಟಲಿಯಲ್ಲಿ ಸಿಗುವ ಗೋದಿ ಬಿಯರುಗಳಲ್ಲಿ ಹಲವು ಈ ಬೆಲ್ಜಿಯನ್ ಜಾಡಿನವು. ಬೆಂಗಳೂರಿನ ಪಬ್ಬಿನಲ್ಲಿ ನೀವು ಕುಡಿದದ್ದು ಬಾಳೆಹಣ್ಣಿನ ಪರಿಮಳದ್ದಾಗಿ, ಇಲ್ಲಿನದು ಕೊತ್ತಂಬರಿಯ ಪರಿಮಳದ್ದಾಗಿದ್ದರೆ ಹೋಲಿಕೆಯೇ ತಪ್ಪು. ಬಗೆ ಒಂದೇ ಆಗಿದ್ದರೂ ಪಬ್ಬಿನಲ್ಲಿ ತೊಟ್ಟಿಯಿಂದ ನೇರವಾಗಿ ಗ್ಲಾಸಿಗೆ ಬಂದ ಬಿಯರ್ ಬೇರೆ, ಸೋಸಿ, ಪಾಶ್ಚರೀಕರಿಸಿ ಬಾಟಲಿಗೆ ತುಂಬಿದ್ದು ಬೇರೆ.

ಬಗೆಯೂ ಒಂದೇ, ಬಾಟಲಿಯೂ ಒಂದೇ ಎಂದಾದರೆ ಅಪರಾಧಿ ನಮ್ಮ ಬಿಸಿಲು. ಬಿಯರ್ ಉದ್ಯಮದಲ್ಲಿ ಒಂದು ಅಂದಾಜು ಲೆಕ್ಕ ಚಾಲ್ತಿಯಲ್ಲಿದೆ: 3 ಡಿಗ್ರಿ ತಂಪಿನಲ್ಲಿ 300 ದಿನದಲ್ಲಿ ಬಿಯರ್ ಎಷ್ಟು ಹಳಸುತ್ತದೋ, 22 ಡಿಗ್ರಿಯಲ್ಲಿ 30 ದಿನಕ್ಕೆ ಅಷ್ಟೇ ಹಳಸುತ್ತದೆ, 32 ಡಿಗ್ರಿಯಲ್ಲಿ ಮೂರೇ ದಿನಕ್ಕೆ. ಇದು ಕರಾರುವಾಕ್ಕಾದ ಸೂತ್ರವಲ್ಲ, ಆದರೆ ದಿಕ್ಕು ಸರಿಯಾಗಿದೆ. ಕಲಬುರಗಿಯಲ್ಲಿ ಏಪ್ರಿಲ್–ಮೇ ತಿಂಗಳಲ್ಲಿ ಪಾದರಸ 42 ಡಿಗ್ರಿ ದಾಟುವುದು ಸಾಮಾನ್ಯ. ಲಾರಿಯಲ್ಲಿ ಬಂದು, ತಗಡಿನ ಗೋದಾಮಿನಲ್ಲಿ ಕೆಲವು ವಾರ ಕಳೆದು, ಕೊಳ್ಳುವ ಹಿಂದಿನ ದಿನವಷ್ಟೇ ಫ್ರಿಜ್ಜು ಸೇರಿದ ಬಾಟಲಿ ಮುಟ್ಟಿದರೆ ತಣ್ಣಗಿರುತ್ತದೆ, ಆದರೆ ಒಳಗಿನ ಬಿಯರಿಗೆ ವಯಸ್ಸಾಗಿರುತ್ತದೆ. ಬಾಳೆಹಣ್ಣಿನ ಪರಿಮಳ ಮೊದಲು ಇಳಿಯುತ್ತದೆ. ಬಳಿಕ ಒದ್ದೆ ರಟ್ಟಿನ ವಾಸನೆ ಸುಳಿಯುತ್ತದೆ. ಬಣ್ಣ ತುಸು ಗಾಢವಾಗಿ, ಜೇನಿನಂಥ ಮಂಕು ಸಿಹಿ ಕಾಣಿಸಿಕೊಳ್ಳುತ್ತದೆ. ಐಪಿಎಯ ಪಾಡು ಇನ್ನೂ ಕಷ್ಟ: ಹಾಪ್ಸ್‌ನ ಹಣ್ಣು, ಹೂವಿನ ಪರಿಮಳ ಬೇಗ ಹಾರಿಹೋಗಿ, ನಾಲಿಗೆಗೆ ಅಂಟಿಕೊಳ್ಳುವ ಒರಟು ಕಹಿ ಉಳಿಯುತ್ತದೆ. ನೀವು ಐಪಿಎಗೆ ಕೊಟ್ಟ ನಾಲ್ಕರಲ್ಲಿ ಒಂದಷ್ಟು ಪಾಲು ಈ ಬಿಸಿಲಿಗೆ ಸಲ್ಲಬೇಕಾದದ್ದು ಎಂದೇ ನನ್ನ ಅಂದಾಜು.

ಆದ್ದರಿಂದ ಅಂಕದ ಹಾಳೆಯ ತಲೆಯಲ್ಲಿ ಬಾಟಲಿಯ ಮೇಲಿನ ತಯಾರಿಕೆಯ ದಿನಾಂಕ, ಕೊಂಡ ತಿಂಗಳು, ಅಂಗಡಿಯಲ್ಲಿ ಅದು ಕಪಾಟಿನಲ್ಲಿತ್ತೋ ಫ್ರಿಜ್ಜಿನಲ್ಲಿತ್ತೋ ಎಂಬುದನ್ನು ಬರೆಯಿರಿ. ಹಸಿರು ಅಥವಾ ಬಿಳಿ ಗಾಜಿನ ಬಾಟಲಿ ಬಿಸಿಲಿಗೆ ಬಿದ್ದಿದ್ದರೆ ಅದನ್ನೂ. ಬೆಳಕು ತಾಗಿದರೆ ಹಾಪ್ಸ್‌ನ ಕಹಿ ಪದಾರ್ಥವೇ ಒಡೆದು ಮೂಗು ಮುಚ್ಚಿಸುವ ಗಂಧಕದ ವಾಸನೆ ಹುಟ್ಟುತ್ತದೆ, ಅದಕ್ಕೆ ನೇರ ಬಿಸಿಲಿನಲ್ಲಿ ಕೆಲವು ನಿಮಿಷ ಸಾಕು. ಕಂದು ಗಾಜು ಬಹುಮಟ್ಟಿಗೆ ಕಾಪಾಡುತ್ತದೆ, ಕ್ಯಾನ್ ಪೂರ್ತಿ ಕಾಪಾಡುತ್ತದೆ. ನಮ್ಮ ಊರಿನಲ್ಲಿ ಎರಡೂ ಸಿಕ್ಕರೆ ಕ್ಯಾನ್ ಕೊಳ್ಳಿ.

ನನ್ನ ಮಾತನ್ನು ನಂಬಬೇಕಾಗಿಲ್ಲ, ನೀವೇ ಪರೀಕ್ಷಿಸಬಹುದು. ಒಂದೇ ದಿನಾಂಕದ, ಒಂದೇ ಬ್ಯಾಚಿನ ಗೋದಿ ಬಿಯರಿನ ಎರಡು ಬಾಟಲಿ ಕೊಳ್ಳಿ. ಒಂದನ್ನು ಫ್ರಿಜ್ಜಿನಲ್ಲಿಡಿ, ಇನ್ನೊಂದನ್ನು ಬಟ್ಟೆ ಸುತ್ತಿ ಬೆಳಕು ಬೀಳದಂತೆ ಅಲ್ಮೇರಾದ ಮೇಲಿಡಿ. ಎರಡು ವಾರದ ನಂತರ ಅದನ್ನೂ ಒಂದು ರಾತ್ರಿ ಫ್ರಿಜ್ಜಿನಲ್ಲಿಟ್ಟು ಎರಡನ್ನೂ ಒಂದೇ ತಂಪಿಗೆ ತನ್ನಿ. ನಾಲ್ವರಲ್ಲಿ ಒಬ್ಬರು ಬೇರೆ ಕೋಣೆಯಲ್ಲಿ ಸುರಿಯಲಿ. ಉಳಿದ ಮೂವರಿಗೂ ತಲಾ ಮೂರು ಗ್ಲಾಸು, ಎರಡರಲ್ಲಿ ಒಂದೇ ಬಾಟಲಿಯದು, ಒಂದರಲ್ಲಿ ಬೇರೆಯದು. ಬೇರೆಯದು ಯಾವುದು ಎಂದು ಮಾತನಾಡದೆ ಬರೆಯಬೇಕು. ಒಬ್ಬರು ಊಹೆಯಿಂದ ಸರಿ ಹೇಳುವ ಸಾಧ್ಯತೆ ಮೂರರಲ್ಲಿ ಒಂದು. ಮೂವರೂ ಊಹೆಯಿಂದಲೇ ಸರಿ ಹೇಳುವ ಸಾಧ್ಯತೆ 27ರಲ್ಲಿ ಒಂದು. ಮೂವರೂ ಸರಿಯಾಗಿ ಗುರುತಿಸಿದರೆ ನಾಲಿಗೆಯ ಬಗೆಗಿನ ನಿಮ್ಮ ಸಂಶಯ ಅಲ್ಲಿಗೇ ತೀರಿತು. ಬ್ರೂವರಿಗಳು ತಮ್ಮ ಮಾಲನ್ನು ಪರೀಕ್ಷಿಸಲು ಬಳಸುವುದೂ ಇದೇ ತ್ರಿಕೋನ ಪರೀಕ್ಷೆಯನ್ನು.

ಗ್ಲಾಸಿನ ವಿಷಯದಲ್ಲಿ ನಮ್ಮ ಭಾಗಕ್ಕೇ ವಿಶೇಷವಾದ ಒಂದು ತೊಂದರೆ ಇದೆ. ಶಹಾಬಾದಿನ ಹಾಸುಗಲ್ಲು, ಸೇಡಂನ ಸಿಮೆಂಟು ಎರಡಕ್ಕೂ ಮೂಲವಾದ ಸುಣ್ಣಕಲ್ಲು ಇಲ್ಲಿನ ನೆಲದಡಿ ಹಾಸಿಕೊಂಡಿದೆ, ಕೊಳವೆಬಾವಿಯ ನೀರು ಗಡಸು. ಆ ನೀರಿನಲ್ಲಿ ತೊಳೆದು ಹಾಗೇ ಒಣಗಲು ಬಿಟ್ಟ ಗ್ಲಾಸಿನ ಒಳಗೆ ಬಿಳಿಯ ಚುಕ್ಕೆಗಳು ಕೂರುತ್ತವೆ. ಬಿಯರ್ ಸುರಿದಾಗ ಗುಳ್ಳೆಗಳು ಆ ಚುಕ್ಕೆಗಳನ್ನೇ ಹಿಡಿದು ಕೂತು, ಗ್ಯಾಸು ಬೇಗ ಹೊರಟುಹೋಗುತ್ತದೆ. ಎಣ್ಣೆಯ ಪಸೆ ಇದ್ದರೆ ನೊರೆ ನಿಲ್ಲುವುದೇ ಇಲ್ಲ. ಎರಡನ್ನೂ ನೀವು ಬಿಯರಿನ ದೋಷವೆಂದು ಬರೆದುಬಿಡುತ್ತೀರಿ. ನಿಂಬೆಹಣ್ಣಿನ ಹೋಳಿನಿಂದ ಒಳಭಾಗವನ್ನು ಉಜ್ಜಿ, ಕುಡಿಯುವ ಶುದ್ಧ ನೀರಿನಲ್ಲಿ ಜಾಲಿಸಿ, ಬೋರಲು ಹಾಕಿ ಒಣಗಿಸಿ. ಬಟ್ಟೆಯಿಂದ ಒರೆಸಬೇಡಿ. ಕುಡಿಯುತ್ತ ಹೋದಂತೆ ನೊರೆ ಗ್ಲಾಸಿನ ಗೋಡೆಯ ಮೇಲೆ ಉಂಗುರ ಉಂಗುರವಾಗಿ ಜಾಲರಿ ಬಿಟ್ಟರೆ ಗ್ಲಾಸು ಶುದ್ಧವಾಗಿದೆ ಎಂದು ತಿಳಿಯಿರಿ.

330 ಮಿಲಿಯ ಒಂದು ಬಾಟಲಿಯನ್ನು ನಾಲ್ವರು ಹಂಚಿಕೊಂಡರೆ ತಲಾ 80 ಮಿಲಿ ಬರುತ್ತದೆ. ರುಚಿ ನೋಡಲು ಅಷ್ಟು ಧಾರಾಳ. ಒಂದು ಸಂಜೆಗೆ ನಾಲ್ಕೋ ಐದೋ ಬಗೆ ಸಾಕು. ಅದರ ಮೇಲೆ ಕೊಡುವ ಅಂಕಗಳಿಗೆ ಬೆಲೆಯಿಲ್ಲ. ಗ್ಲಾಸನ್ನು ಓರೆ ಹಿಡಿದು ಸುರಿಯಲು ಶುರು ಮಾಡಿ, ಅರ್ಧಕ್ಕೆ ಬಂದಾಗ ನೆಟ್ಟಗೆ ಮಾಡಿ ಎರಡು ಬೆರಳಿನಷ್ಟು ನೊರೆ ಬರಿಸಿ. ನೊರೆ ಬಂತೆಂದು ಬೇಸರಪಡಬೇಡಿ, ಪರಿಮಳವನ್ನು ಮೂಗಿಗೆ ತಲುಪಿಸುವುದೇ ಅದು. ಸುರಿದ ಕೂಡಲೇ ಮೂಗನ್ನು ಹತ್ತಿರ ಒಯ್ದು ಚಿಕ್ಕ ಚಿಕ್ಕ ಉಸಿರು ಎಳೆಯಿರಿ. ಕೆಲವು ವಾಸನೆಗಳು ಅರ್ಧ ನಿಮಿಷದಲ್ಲಿ ಹಾರಿಹೋಗುತ್ತವೆ. ಅಂಗೈಯಿಂದ ಗ್ಲಾಸಿನ ಬಾಯಿ ಮುಚ್ಚಿ, ಮೆಲ್ಲಗೆ ತಿರುಗಿಸಿ, ಮತ್ತೆ ಮೂಸಿ. ಆಮೇಲೆ ಗುಟುಕು. ಬಾಯಿ ತುಂಬ ಹರಿದಾಡಿಸಿ, ನುಂಗಿ, ಬಾಯಿ ಮುಚ್ಚಿಕೊಂಡು ಮೂಗಿನಿಂದ ಉಸಿರು ಬಿಡಿ. ನಾವು ರುಚಿ ಎಂದು ಕರೆಯುವುದರಲ್ಲಿ ಬಹುಪಾಲು ಆ ಉಸಿರಿನಲ್ಲೇ ಸಿಗುತ್ತದೆ. ಮೂಗು ಹಿಡಿದು ಒಂದು ಗುಟುಕು, ಬಿಟ್ಟು ಒಂದು ಗುಟುಕು ಕುಡಿದರೆ ನಿಮಗೇ ಅರಿವಾಗುತ್ತದೆ.

ಕ್ರಮದಲ್ಲಿ ಹಗುರವಾದದ್ದು ಮೊದಲು, ಕಹಿ ಮತ್ತು ಹುರಿದದ್ದು ಕೊನೆಗೆ. ಪಿಲ್ಸ್‌ನರ್, ಗೋದಿ, ಐಪಿಎ, ಸ್ಟೌಟ್ ಎಂಬ ಸಾಲು ನಿಮ್ಮ ಮನೆಯ ಕೂಟಕ್ಕೆ ಸರಿಹೊಂದುತ್ತದೆ. ನಡುನಡುವೆ ಬಾಯಿ ಶುದ್ಧ ಮಾಡಿಕೊಳ್ಳಲು ವಿದೇಶದ ತೀರ್ಪುಗಾರರು ಬ್ರೆಡ್ಡು ತಿನ್ನುತ್ತಾರೆ. ನಮ್ಮಲ್ಲಿ ಅದಕ್ಕಿಂತ ಉತ್ತಮವಾದ ಉಪ್ಪಿಲ್ಲದ ಕಡಕ್ ಜೋಳದ ರೊಟ್ಟಿ ಇದೆ. ಒಂದು ಚೂರು ರೊಟ್ಟಿ, ಎರಡು ಗುಟುಕು ನೀರು. ಶೇಂಗಾ ಹಿಂಡಿ, ಮಿರ್ಚಿ ಭಜಿ, ತಹರಿ ಎಲ್ಲವೂ ಅಂಕ ಬರೆದು ಮುಗಿದ ಮೇಲೆ. ಮೆಣಸಿನಕಾಯಿಯ ಖಾರ ನಾಲಿಗೆಯನ್ನು ಸುಡುತ್ತಿರುವಾಗ ಗ್ಯಾಸು ಮತ್ತು ಆಲ್ಕೊಹಾಲ್ ಆ ಉರಿಯನ್ನು ಹೆಚ್ಚಿಸುತ್ತವೆ, ಐಪಿಎಯ ಕಹಿಯನ್ನು ಸರಿಯಾಗಿ ಅಳೆಯಲಾಗುವುದಿಲ್ಲ. ನಿಮ್ಮ ಕೂಟದಲ್ಲಿ ಭಜಿಯ ತಟ್ಟೆ ಮೊದಲೇ ಬರುತ್ತಿದ್ದರೆ ಈವರೆಗಿನ ಐಪಿಎ ಅಂಕಗಳನ್ನೆಲ್ಲ ಬದಿಗಿಟ್ಟು ಹೊಸದಾಗಿ ಶುರು ಮಾಡಿ.

ಹತ್ತಕ್ಕೆ ಅಂಕ ಕೊಡುವುದನ್ನು ಕೈಬಿಡಿ. 1985ರಲ್ಲಿ ಅಮೆರಿಕದಲ್ಲಿ ಆರಂಭವಾದ ಬಿಯರ್ ಜಡ್ಜ್ ಸರ್ಟಿಫಿಕೇಷನ್ ಪ್ರೋಗ್ರಾಂ 50 ಅಂಕಗಳ ಒಂದು ಹಾಳೆ ಬಳಸುತ್ತದೆ: ಪರಿಮಳಕ್ಕೆ 12, ನೋಟಕ್ಕೆ 3, ರುಚಿಗೆ 20, ಬಾಯಿಯಲ್ಲಿನ ಸ್ಪರ್ಶಕ್ಕೆ 5, ಒಟ್ಟು ಅನುಭವಕ್ಕೆ 10. ನೋಟಕ್ಕೆ ಮೂರೇ ಅಂಕ ಇರುವುದನ್ನು ಗಮನಿಸಿ; ಬಣ್ಣಕ್ಕೆ ಮರುಳಾಗುವ ಕಣ್ಣಿಗೆ ಅದು ಹಾಕಿದ ಲಗಾಮು. ಪರಿಮಳ ಮತ್ತು ರುಚಿ ಸೇರಿ 32. ಒಟ್ಟು 38 ದಾಟಿದರೆ ಅತ್ಯುತ್ತಮ ದರ್ಜೆ, 45 ದಾಟುವುದು ಅಪರೂಪ, 21ಕ್ಕಿಂತ ಕೆಳಗಿದ್ದರೆ ಎಲ್ಲೋ ದೊಡ್ಡ ಲೋಪವಿದೆ ಎಂದು ಓದಿಕೊಳ್ಳಬಹುದು. ಅದೇ ಸಂಸ್ಥೆ ಪ್ರತಿ ಬಗೆಯ ಬಿಯರಿಗೂ ಇರಬೇಕಾದ ಲಕ್ಷಣಗಳನ್ನು ಉಚಿತವಾಗಿ ಪ್ರಕಟಿಸಿದೆ. ಆ ಸಂಜೆ ಕುಡಿಯುವ ಬಗೆಯ ವಿವರಣೆಯನ್ನು ಮೊದಲು ಒಬ್ಬರು ಗಟ್ಟಿಯಾಗಿ ಓದಲಿ, ಆಮೇಲೆ ಬಾಟಲಿ ತೆರೆಯಿರಿ. ಬಾಟಲಿಗಳಿಗೆ ಹಳೆಯ ಪತ್ರಿಕೆ ಸುತ್ತಿ ಹೆಸರು ಕಾಣದಂತೆ ಮಾಡಿ. ಲೇಬಲ್ಲಿನ ಚಂದ ಮತ್ತು ಬೆಲೆ ಎರಡೂ ಅಂಕವನ್ನು ಎತ್ತುತ್ತವೆ.

ಅಂಕಕ್ಕಿಂತ ಮೊದಲು ಮಾತು ಬರೆಯಬೇಕು, ಇದು ನಾನು ಪಟ್ಟು ಹಿಡಿದು ಹೇಳುವ ನಿಯಮ. ‘ಚೆನ್ನಾಗಿದೆ’, ‘ಸುಮಾರು’ ಎಂಬುವು ಲೆಕ್ಕಕ್ಕಿಲ್ಲ. ಏನು ವಾಸನೆ ಬಂತು? ಮಾಗಿದ ಬಾಳೆಹಣ್ಣೋ, ಕಾಯಿ ಬಾಳೆಯೋ? ಕಹಿ ನುಂಗಿದ ಕೂಡಲೇ ಹೋಯಿತೋ, ನಿಂತಿತೋ? ಪದಗಳಿಗಾಗಿ ಪರದಾಡಬೇಕಾಗಿಲ್ಲ, ಅಡುಗೆಮನೆಯ ಡಬ್ಬಿಗಳಲ್ಲೇ ಇವೆ. ಒಂದು ಸಂಜೆಯನ್ನು ಬರೀ ಮೂಗಿನ ಅಭ್ಯಾಸಕ್ಕೆ ಇಡಿ. ಸಾದಾ ಲಾಗರನ್ನು ಐದಾರು ಗ್ಲಾಸುಗಳಿಗೆ ಹಂಚಿ, ಒಂದರಲ್ಲಿ ಜಜ್ಜಿದ ಲವಂಗ, ಒಂದರಲ್ಲಿ ಜಜ್ಜಿದ ಕೊತ್ತಂಬರಿ ಬೀಜ, ಒಂದರಲ್ಲಿ ಒಂದು ಹನಿ ವಿನೆಗರ್, ಒಂದರಲ್ಲಿ ಬೇಯಿಸಿದ ಮೆಕ್ಕೆಜೋಳದ ನೀರು, ಒಂದರಲ್ಲಿ ಬಾಳೆಹಣ್ಣಿನ ಎಸೆನ್ಸಿನ ಅತಿ ಚಿಕ್ಕ ಹನಿ ಹಾಕಿ, ಹತ್ತು ನಿಮಿಷ ಬಿಟ್ಟು ಮೂಸಿ. ಹೆಫೆವೈಜನ್‌ನಲ್ಲಿ ಯೀಸ್ಟ್ ತಾನಾಗಿ ತಯಾರಿಸುವ ಐಸೊಅಮೈಲ್ ಅಸಿಟೇಟೇ ಆ ಎಸೆನ್ಸಿನಲ್ಲೂ ಮುಖ್ಯ ಪದಾರ್ಥ. ಬೇಯಿಸಿದ ಮೆಕ್ಕೆಜೋಳದ ವಾಸನೆ ತಿಳಿ ಮಾಲ್ಟಿನ ಲಾಗರ್‌ಗಳಲ್ಲಿ ಕುದಿಸುವಿಕೆ ಸಾಲದೆ ಹೋದಾಗ ಉಳಿಯುವ ದೋಷ. ಒಮ್ಮೆ ಮೂಗಿಗೆ ಪರಿಚಯವಾದ ದೋಷ ಮುಂದೆ ತಪ್ಪಿಸಿಕೊಳ್ಳುವುದಿಲ್ಲ.

ಕಹಿಯ ಪರ ವಾದಿಸುವ ನಿಮ್ಮ ಗೆಳೆಯರ ವಿಷಯ. ಅವರದೂ ಇಷ್ಟದ ಮಾತೇ ಹೊರತು ತೀರ್ಪಲ್ಲ. ಕಹಿ ಇದ್ದ ಮಾತ್ರಕ್ಕೆ ಐಪಿಎ ಒಳ್ಳೆಯದಾಗುವುದಿಲ್ಲ. ಅದರ ಕೆಳಗೆ ಮಾಲ್ಟಿನ ಆಸರೆ ಬೇಕು, ಮೇಲೆ ಹಾಪ್ಸ್‌ನ ಪರಿಮಳ ಬೇಕು. ನಾಲ್ವರ ಅಂಕಗಳ ಸರಾಸರಿ ತೆಗೆಯುವ ಬದಲು, ಯಾರಿಬ್ಬರ ಅಂಕದ ನಡುವೆ ಏಳಕ್ಕಿಂತ ಹೆಚ್ಚು ಅಂತರ ಬಂತೋ ಆ ಇಬ್ಬರೂ ತಮ್ಮ ಟಿಪ್ಪಣಿ ಓದಲಿ, ಇಬ್ಬರೂ ಮತ್ತೊಂದು ಗುಟುಕು ಕುಡಿಯಲಿ. ಒಬ್ಬರಿಗೆ ಸಿಕ್ಕ ವಾಸನೆ ಇನ್ನೊಬ್ಬರಿಗೂ ಸಿಕ್ಕರೆ ಅಂಕ ತಿದ್ದಬಹುದು. ಸಿಗದಿದ್ದರೆ ಹಾಗೇ ಬಿಡಿ. ಕೆಲವು ವಾಸನೆಗಳಿಗೆ, ಮುಖ್ಯವಾಗಿ ಬೆಣ್ಣೆಯ ಡಯಾಸಿಟೈಲ್‌ಗೆ, ಕೆಲವರ ಮೂಗು ಹುಟ್ಟಿನಿಂದಲೇ ಮಂದವಾಗಿರುತ್ತದೆ. ಅದು ಯಾರೆಂದು ಗೊತ್ತಿದ್ದರೆ ನಿಮ್ಮ ಕೂಟಕ್ಕೇ ಲಾಭ.

ಹೈದರಾಬಾದಿನಿಂದ ತರುವ ಯೋಚನೆ ಬೇಡ. ರಾಜ್ಯದ ಗಡಿ ದಾಟಿಸಿ ಮದ್ಯ ತರುವುದಕ್ಕೆ ಅಬಕಾರಿ ನಿರ್ಬಂಧಗಳಿವೆ. ಅದನ್ನು ಬಿಟ್ಟರೂ ಬೇಸಿಗೆಯಲ್ಲಿ ಕಾರಿನ ಡಿಕ್ಕಿಯಲ್ಲಿ ಕೆಲವು ಗಂಟೆ ಬೆಂದ ಐಪಿಎಗೆ ಅಂಕ ಕೊಡುವುದು ತಯಾರಿಸಿದವರಿಗೆ ಮಾಡುವ ಅನ್ಯಾಯ. ಅಲ್ಲಿಗೆ ಹೋದಾಗ ತಾವೇ ಬಿಯರ್ ತಯಾರಿಸುವ ಬ್ರೂ ಪಬ್ಬಿನಲ್ಲಿ ಚಿಕ್ಕ ಗ್ಲಾಸುಗಳ ಸೆಟ್ ಕೇಳಿ, ಈ ವಾರ ಯಾವುದನ್ನು ಹೊಸದಾಗಿ ತೊಟ್ಟಿಯಿಂದ ತೆಗೆದಿದ್ದಾರೆ ಎಂದು ವಿಚಾರಿಸಿ, ಅಲ್ಲೇ ಕುಳಿತು ಹಾಳೆ ತುಂಬಿ. ಮರಳುವುದು ರೈಲಿನಲ್ಲಾಗಲಿ ಅಥವಾ ಒಂದು ಹನಿಯನ್ನೂ ಮುಟ್ಟದವರು ಸ್ಟಿಯರಿಂಗ್ ಹಿಡಿಯಲಿ. ಊರಿನಲ್ಲಿ ಕೊಳ್ಳುವುದಾದರೆ ನವೆಂಬರಿನಿಂದ ಫೆಬ್ರುವರಿಯವರೆಗೆ ಗೋದಿ ಮತ್ತು ಐಪಿಎಗಳ ಕೂಟ ಇಟ್ಟುಕೊಳ್ಳಿ. ಬೇಸಿಗೆಯ ತಿಂಗಳುಗಳಿಗೆ ಸ್ಟೌಟ್ ಮತ್ತು ಅದರ ಬಳಗದ್ದೇ ಆದ ಪೋರ್ಟರ್‌ಗಳನ್ನು ಉಳಿಸಿಕೊಳ್ಳಿ. ಅವೂ ಶಾಖಕ್ಕೆ ಹಳಸುತ್ತವೆ, ಆದರೆ ಹುರಿದ ಮಾಲ್ಟಿನ ಗಾಢ ರುಚಿಯ ಹಿಂದೆ ಆ ಹಳಸು ಇತರ ಬಗೆಗಳಷ್ಟು ಬೇಗ ನಾಲಿಗೆಗೆ ಸಿಗುವುದಿಲ್ಲ.